ಉರಿಮೂತ್ರ: ಬಾರ್ಲಿ ನೀರು ಸಾಕಾ, ಸಿರಪ್ ಬೇಕಾ, ಆಂಟಿಬಯೋಟಿಕ್ಕೇ ಆಗಬೇಕಾ?

ನಮ್ಮ ಮೆಡಿಕಲ್ ಶಾಪಿಗೆ ಬರುವ ಹೆಂಗಸರಲ್ಲಿ ಕೆಲವರು ಕೌಂಟರ್ ಹತ್ತಿರ ಬಂದು ಸುಮ್ನೆ ನಿಂತುಬಿಡುತ್ತಾರೆ. ಪಕ್ಕದಲ್ಲಿ ಗಂಡಸರಿದ್ದರೆ ಪೇಸ್ಟು, ಸೋಪು ತಿರುಗಿಸಿ ನೋಡುತ್ತಾ ಕಾಯುತ್ತಾರೆ. ಅಂಗಡಿ ಖಾಲಿಯಾದ ಮೇಲೆ ಮೆಲ್ಲಗೆ, "ಅಕ್ಕಾ, ಉರಿಮೂತ್ರಕ್ಕೆ ಏನಾದ್ರೂ ಕೊಡಿ" ಅಂತಾರೆ. ಒಬ್ಬರಂತೂ ಬಾಯಿಬಿಟ್ಟು ಹೇಳಲಾರದೆ ಬಸ್ ಟಿಕೆಟ್ ಹಿಂದೆ ಬರೆದುಕೊಂಡು ಬಂದಿದ್ದರು.

ಆ ‘ಏನಾದ್ರೂ’ ಅನ್ನುವ ಮಾತಿನಲ್ಲೇ ತೊಡಕಿರುವುದು. ನನ್ನ ಬೆನ್ನ ಹಿಂದಿನ ಶೆಲ್ಫಿನಲ್ಲಿ ಉರಿಮೂತ್ರಕ್ಕೆಂದು ಹೋಗುವ ಸಾಮಾನು ಏಳೆಂಟು ಬಗೆಯದಿದೆ. ನೀರಿಗೆ ಬೆರೆಸಿ ಕುಡಿಯುವ ಸಿರಪ್, ಮೂತ್ರದ ಬಣ್ಣ ಕಿತ್ತಳೆ ಮಾಡುವ ಮಾತ್ರೆ, ಐದು ದಿನದ ಕ್ಯಾಪ್ಸೂಲ್, ಒಂದೇ ಸಲಕ್ಕೆ ಮುಗಿಯುವ ಪುಡಿಯ ಪ್ಯಾಕೆಟ್, ಕ್ರ್ಯಾನ್‌ಬೆರಿ ಮಾತ್ರೆ. ಮನೆಯ ಬಾರ್ಲಿ, ಎಳನೀರು, ಜೀರಿಗೆ ನೀರು ಬೇರೆ. ಇವೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಕೆಲವು ಉರಿ ತಗ್ಗಿಸುತ್ತವೆ. ಕೆಲವು ಸೋಂಕು ತೆಗೆಯುತ್ತವೆ. ಕೆಲವು ಮುಂದಿನ ಸಲ ಬರದಂತೆ ನೋಡಿಕೊಳ್ಳುತ್ತವೆ. ಉರಿ ಹೋಯಿತು ಅಂದರೆ ಸೋಂಕು ಹೋಯಿತು ಅಂತಲ್ಲ. ಹದಿನಾಲ್ಕು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಹೇಳುವ ನಾನೇ ಒಮ್ಮೆ ಮರೆತು ಆಸ್ಪತ್ರೆ ಸೇರಿದೆ. ಅದು ಮುಂದೆ ಬರುತ್ತದೆ.

ನಾನು ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಯಾವ ಔಷಧಿ ಅಂತ ಬರೆದುಕೊಡುವುದು ಅವರ ಕೆಲಸ. ಆದರೆ ಯಾವುದು ಏನು ಮಾಡುತ್ತದೆ ಅಂತ ತಿಳಿದಿದ್ದರೆ ಅವರ ಮುಂದೆ ಕೂತಾಗ ಸರಿಯಾಗಿ ಕೇಳಬಹುದು, ಅಲ್ವಾ?

ಮೊದಲು, ಇದು ಸೋಂಕೇನಾ?

ಬೇಸಿಗೆಯಲ್ಲಿ ಬರುವವರಲ್ಲಿ ಅರ್ಧ ಜನ "ಮೈ ಉಷ್ಣ ಆಗಿದೆ" ಅಂತಲೇ ಶುರು ಮಾಡುತ್ತಾರೆ. ಇದನ್ನು ನಗುವ ಹಾಗಿಲ್ಲ. ನೀರು ಕುಡಿಯದೆ ಬಿಸಿಲಲ್ಲಿ ತಿರುಗಿದರೆ ಮೂತ್ರ ಗಟ್ಟಿಯಾಗಿ, ಕಡು ಹಳದಿಯಾಗಿ ಹೋಗುವಾಗ ಚುರ್ ಅನ್ನುತ್ತದೆ. ಎರಡು ಮೂರು ಗಂಟೆಯಲ್ಲಿ ನಾಲ್ಕು ಲೋಟ ನೀರು ಕುಡಿದು ಮೂತ್ರ ತಿಳಿಯಾದ ಕೂಡಲೇ ಉರಿ ಹೋದರೆ, ಅದು ಉಷ್ಣವೇ. ಔಷಧಿ ಬೇಡ.

ಸೋಂಕಿನ ಲಕ್ಷಣ ಬೇರೆ. ಈಗಷ್ಟೇ ಹೋಗಿ ಬಂದಿರುತ್ತೀರಿ, ಮತ್ತೆ ಅವಸರ. ಹೋಗಿ ಕೂತರೆ ನಾಲ್ಕೇ ಹನಿ. ಕೊನೆಯ ಹನಿಗೆ ಜೀವ ಹೋಗುವಷ್ಟು ಉರಿ. ಕಿಬ್ಬೊಟ್ಟೆ ಭಾರ. ಮೂತ್ರ ಮಬ್ಬಾಗಿರುತ್ತದೆ, ವಾಸನೆ ಬರುತ್ತದೆ, ಕೆಲವೊಮ್ಮೆ ನಸುಗೆಂಪು. ರಾತ್ರಿ ನಾಲ್ಕೈದು ಸಲ ಎದ್ದು ಓಡಬೇಕು. ಇದಿಷ್ಟೂ ಒಟ್ಟಿಗೆ ಬಂದು, ಬಿಳಿ ಸೆರಗು ಅಥವಾ ತುರಿಕೆ ಇಲ್ಲದಿದ್ದರೆ ಮೂತ್ರಕೋಶದ ಸೋಂಕೇ ಇರುವ ಸಾಧ್ಯತೆ ಜಾಸ್ತಿ.

ತುರಿಕೆ ಮುಂದಾಗಿದ್ದು, ಮೊಸರಿನ ತರಹ ಬಿಳಿ ಹೋಗುತ್ತಿದ್ದರೆ ಅದು ಫಂಗಸ್ ಇರಬಹುದು. ಅದಕ್ಕೆ ಆಂಟಿಬಯೋಟಿಕ್ ತಿಂದರೆ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಶುಗರ್‌ಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಫಂಗಸ್ ತೊಂದರೆ ಬೇಗ ಬರುತ್ತದೆ. ಆ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲೇ ಹೊರಗೆ ಹಾಕುತ್ತವಲ್ಲ, ಅದಕ್ಕೆ. ಬೆನ್ನಿನಿಂದ ತೊಡೆಸಂದಿಗೆ ಸುತ್ತಿಕೊಂಡು ಬರುವ ನೋವಾದರೆ ಕಿಡ್ನಿ ಕಲ್ಲು ಇರಬಹುದು.

ಸೋಂಕು ತರುವುದು ಹೆಚ್ಚಾಗಿ ಇ. ಕೋಲೈ. 1885ರಲ್ಲಿ ಜರ್ಮನಿಯ ಮಕ್ಕಳ ಡಾಕ್ಟರ್ ಥಿಯೊಡೋರ್ ಎಶೆರಿಕ್ ಕಂಡುಹಿಡಿದ ಬ್ಯಾಕ್ಟೀರಿಯಾ ಇದು. ನಮ್ಮ ಕರುಳಲ್ಲೇ ಇರುತ್ತದೆ, ಅಲ್ಲಿರುವಷ್ಟು ದಿನ ಸಾಮಾನ್ಯವಾಗಿ ತಂಟೆಯಿಲ್ಲ. ಜಾಗ ಬಿಟ್ಟು ಮೂತ್ರದ ದಾರಿಗೆ ಬಂದಾಗ ತಕರಾರು. ಹೆಂಗಸರಲ್ಲಿ ಆ ದಾರಿ ಸುಮಾರು 4 ಸೆಂಟಿಮೀಟರ್, ಗಂಡಸರಲ್ಲಿ ಸುಮಾರು 20. ನಮಗೇ ಯಾಕೆ ಜಾಸ್ತಿ ಅಂತ ಕೇಳುವವರಿಗೆ ಇದೇ ಉತ್ತರ. ಸರಿಸುಮಾರು ಅರ್ಧದಷ್ಟು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುತ್ತದೆ. ಗಲೀಜಿನ ಮಾತಲ್ಲ, ಮುಚ್ಚಿಡುವ ಮಾತೂ ಅಲ್ಲ.

ಯಾರು ಅಂಗಡಿಗೆ ಬರದೆ ನೇರ ಡಾಕ್ಟರ್ ಹತ್ತಿರ ಹೋಗಬೇಕು

ಚಳಿ ನಡುಕ ಹತ್ತಿ ಜ್ವರ, ಪಕ್ಕೆಯ ಹಿಂಭಾಗದಲ್ಲಿ ನೋವು, ವಾಂತಿ. ಈ ಮೂರರಲ್ಲಿ ಯಾವುದಿದ್ದರೂ ಸೋಂಕು ಕಿಡ್ನಿಗೆ ಏರಿರಬಹುದು. ಅದೇ ದಿನ ಹೋಗಬೇಕು, ರಾತ್ರಿಯಾದರೆ ರಾತ್ರಿಯೇ. ಬಸುರಿಯರು, ಮಕ್ಕಳು, ಗಂಡಸರು, ಶುಗರ್ ಹತೋಟಿಯಲ್ಲಿ ಇಲ್ಲದವರು, ಕಿಡ್ನಿ ತೊಂದರೆ ಅಥವಾ ಕಲ್ಲು ಇರುವವರು, ಮೂತ್ರಕ್ಕೆ ಪೈಪ್ ಹಾಕಿಸಿಕೊಂಡವರು, ಮೂತ್ರದಲ್ಲಿ ರಕ್ತ ಕಂಡವರು: ಇವರು ಯಾರೂ ಮನೆಮದ್ದಿನಲ್ಲಿ ದಿನ ದೂಡಬಾರದು. ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಸೇರಿಕೊಂಡಿರಬಹುದು. ಎರಡು ವರ್ಷದೊಳಗಿನ ಮಗುವಿಗೆ ಉರಿ ಹೇಳಿಕೊಳ್ಳಲು ಬಾಯಿಲ್ಲ, ಬರೀ ಜ್ವರವಾಗಿ ಕಾಣಿಸಬಹುದು.

ಇನ್ನು ಮುಂದೆ ಹೇಳುವುದೆಲ್ಲ ಇವರನ್ನು ಬಿಟ್ಟು, ಉಳಿದಂತೆ ಗಟ್ಟಿಯಾಗಿರುವ ಹೆಂಗಸರಿಗೆ.

ಬಾರ್ಲಿ, ಎಳನೀರು, ಜೀರಿಗೆ

ನಮ್ಮ ಕಡೆ ಉರಿಮೂತ್ರ ಅಂದ ಕೂಡಲೇ ಬಾರ್ಲಿ ಬೇಯಿಸುತ್ತಾರೆ. ಕೊತ್ತಂಬರಿ ಬೀಜ, ಜೀರಿಗೆ ನೆನೆಸಿಟ್ಟು ಬೆಳಗ್ಗೆ ಸೋಸಿ ಕುಡಿಯುತ್ತಾರೆ. ಲಾವಂಚದ ಬೇರು ಹಾಕಿದ ಮಡಕೆ ನೀರು, ಕಾಮಕಸ್ತೂರಿ ಬೀಜ, ಬಾಳೆದಿಂಡಿನ ರಸ. ನನ್ನಮ್ಮ ಹೊಕ್ಕುಳಿಗೂ ಅಂಗಾಲಿಗೂ ಹರಳೆಣ್ಣೆ ಹಚ್ಚಿ ಮಲಗಿಸುತ್ತಿದ್ದಳು. ಹಾಯ್ ಅನಿಸುತ್ತಿತ್ತು, ಸುಳ್ಳಲ್ಲ.

ಇವುಗಳಲ್ಲಿ ಯಾವುದು ಮೇಲು ಅಂತ ಕೇಳುತ್ತಾರೆ. ನನ್ನ ಪ್ರಕಾರ ಎಲ್ಲದರ ಒಳಗೂ ಕೆಲಸ ಮಾಡುವುದು ಒಂದೇ, ನೀರು. ಮೂತ್ರ ತಿಳಿಯಾಗುತ್ತದೆ, ಉರಿ ತಗ್ಗುತ್ತದೆ, ಪದೇ ಪದೇ ಹೋಗುವುದರಿಂದ ಒಂದಷ್ಟು ಬ್ಯಾಕ್ಟೀರಿಯಾ ಕೊಚ್ಚಿಕೊಂಡೂ ಹೋಗುತ್ತದೆ. ಆದರೆ ಪೂರ್ತಿ ಹೋಗುವುದಿಲ್ಲ. ಇ. ಕೋಲೈ ಮೈಮೇಲೆ ಕೂದಲಿನಂಥ ಎಳೆಗಳಿರುತ್ತವೆ. ಹಲಸಿನ ಮೇಣ ಕೈಗೆ ಅಂಟಿದ ಹಾಗೆ ಮೂತ್ರಕೋಶದ ಗೋಡೆಗೆ ಅಂಟಿಕೊಂಡಿರುತ್ತವೆ. ಬರೀ ನೀರು ಹೊಯ್ದರೆ ಮೇಣ ಹೋಗುತ್ತದಾ?

ಹಾಗಾಗಿ ಬಾರ್ಲಿ ಕುಡಿಯಿರಿ, ಬೇಡ ಅನ್ನುವುದಿಲ್ಲ. ಶುಗರ್ ಇದ್ದರೆ ಬೆಲ್ಲ, ಸಕ್ಕರೆ ಹಾಕಬೇಡಿ. ಕಿಡ್ನಿ ಕಾಯಿಲೆ ಇರುವವರು ಎಳನೀರಿನ ಗೊಡವೆಗೆ ಹೋಗಬೇಡಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಲಕ್ಷಣ ತೀರಾ ಸೌಮ್ಯವಾಗಿದ್ದರೆ ಒಂದು ದಿನ, ಹೆಚ್ಚೆಂದರೆ ಎರಡು ದಿನ ನೋಡಬಹುದು. ಅಷ್ಟರಲ್ಲಿ ಇಳಿಯದಿದ್ದರೆ ಅಥವಾ ಏರಿದರೆ ಮನೆಮದ್ದಿನ ಪಾಳಿ ಮುಗಿಯಿತು.

ಸಿರಪ್ಪು ಮತ್ತು ಕಿತ್ತಳೆ ಬಣ್ಣ

ನಮ್ಮಲ್ಲಿ ಅತಿ ಹೆಚ್ಚು ಹೋಗುವುದು ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್ ಸಿರಪ್. ಹೆಸರು ಯಾರಿಗೂ ಬೇಡ, "ಆ ಉರಿಮೂತ್ರದ ಬಾಟ್ಲು" ಅಂದರೆ ಸಾಕು. ಮುಚ್ಚಳದಲ್ಲಿ ಅಳೆದು ಒಂದು ಲೋಟ ನೀರಿಗೆ ಬೆರೆಸಿ ಕುಡಿಯುವುದು. ಮೂತ್ರದ ಹುಳಿ ಕಡಿಮೆ ಮಾಡುತ್ತದೆ, ಉರಿ ಶಮನವಾದ ಹಾಗೆ ಅನಿಸುತ್ತದೆ. ಬ್ಯಾಕ್ಟೀರಿಯಾವನ್ನು ಅದು ಕೊಲ್ಲುವುದಿಲ್ಲ. ಅದರಲ್ಲಿ ಸೋಡಿಯಂ ಇರುವುದರಿಂದ ಬಿಪಿ, ಹೃದಯದ ತೊಂದರೆ ಇರುವವರು ತಾವಾಗಿಯೇ ಕುಡಿಯುವುದು ಬೇಡ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನೈಟ್ರೋಫ್ಯುರಾಂಟಾಯಿನ್ ಅನ್ನುವ ಆಂಟಿಬಯೋಟಿಕ್ ಚೆನ್ನಾಗಿ ಕೆಲಸ ಮಾಡುವುದು ಮೂತ್ರ ಹುಳಿಯಾಗಿದ್ದಾಗ. ಸಿರಪ್ ಆ ಹುಳಿಯನ್ನೇ ತೆಗೆಯುತ್ತದೆ. ಎರಡನ್ನೂ ಜೊತೆಗೇ ಬರೆದ ಚೀಟಿಗಳು ನನ್ನ ಕೈಗೆ ಬರುತ್ತಲೇ ಇರುತ್ತವೆ. ಅಂಥ ಚೀಟಿ ಬಂದರೆ ನಾನು ಡಾಕ್ಟರಿಗೆ ಫೋನ್ ಮಾಡಿ ಕೇಳುತ್ತೇನೆ. ಹೆಚ್ಚಿನವರು "ಹಾಗಾದ್ರೆ ಸಿರಪ್ ಬಿಡಿ" ಅಂತಾರೆ. ನೀವೂ ಕೇಳಿ, ತಪ್ಪೇನಿಲ್ಲ.

ಇನ್ನೊಂದು ಫೆನಾಜೋಪಿರಿಡೀನ್. ಇದು ಮೂತ್ರದ ದಾರಿಗೆ ನೋವಿನ ಮಾತ್ರೆ ಇದ್ದ ಹಾಗೆ. ಉರಿ ತಗ್ಗಿಸುವುದರಲ್ಲಿ ಸಿರಪ್ಪಿಗಿಂತ ಜೋರು. ಆದರೆ ಮೂತ್ರ ಕಿತ್ತಳೆಗೆಂಪಾಗುತ್ತದೆ, ಬಟ್ಟೆಗೆ ಕಲೆ ಕೂರುತ್ತದೆ. ಮೊದಲೇ ಹೇಳದಿದ್ದರೆ ಜನ ರಕ್ತ ಅಂತ ಹೆದರಿ ಓಡಿ ಬರುತ್ತಾರೆ. ಎರಡು ದಿನಕ್ಕಿಂತ ಹೆಚ್ಚು ಬೇಡ, ಕಿಡ್ನಿ ತೊಂದರೆ ಇದ್ದರೆ ಬೇಡವೇ ಬೇಡ. ಇದನ್ನು ತಿಂದು ಯೂರಿನ್ ಟೆಸ್ಟ್ ಕೊಟ್ಟರೆ ಬಣ್ಣದಿಂದಾಗಿ ಸ್ಟ್ರಿಪ್ ಟೆಸ್ಟ್ (ಮೂತ್ರದಲ್ಲಿ ಪಟ್ಟಿ ಅದ್ದಿ ಬಣ್ಣ ನೋಡುವುದು) ತಪ್ಪು ತೋರಿಸಬಹುದು. ಮೊದಲು ಮೂತ್ರ ಕೊಟ್ಟು ಬನ್ನಿ, ಆಮೇಲೆ ಮಾತ್ರೆ.

ಬರೀ ನೋವಿನ ಮಾತ್ರೆಯಲ್ಲಿ ಕಳೆಯಬಹುದಾ? ಜರ್ಮನಿಯಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು, 2015ರಲ್ಲಿ ಅದರ ವರದಿ ಬಂತು. ಸುಮಾರು 500 ಹೆಂಗಸರಲ್ಲಿ ಅರ್ಧ ಜನಕ್ಕೆ ಆಂಟಿಬಯೋಟಿಕ್, ಉಳಿದವರಿಗೆ ಐಬುಪ್ರೊಫೆನ್. ಐಬುಪ್ರೊಫೆನ್ ತಿಂದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಆಂಟಿಬಯೋಟಿಕ್ ಇಲ್ಲದೆಯೇ ವಾಸಿಯಾದರು. ಕೇಳಲು ಚೆನ್ನಾಗಿದೆ. ಆದರೆ ಅವರು ನರಳಿದ್ದು ಜಾಸ್ತಿ, ಕಿಡ್ನಿಗೆ ಏರಿದ್ದೂ ಅವರಲ್ಲೇ ಸ್ವಲ್ಪ ಹೆಚ್ಚು. ಕರೆದರೆ ಸಿಗುವ ಡಾಕ್ಟರ್ ಇರುವ ಕಡೆ ಇದು ಒಂದು ಆಯ್ಕೆ. ರಾತ್ರಿ ಜ್ವರ ಬಂದರೆ ಮೂವತ್ತು ಕಿಲೋಮೀಟರ್ ಹೋಗಬೇಕಾದ ಹಳ್ಳಿಯಲ್ಲಿ ಕೂತವರಿಗೆ ನಾನು ಇದನ್ನು ಹೇಳುವುದಿಲ್ಲ.

ಆಂಟಿಬಯೋಟಿಕ್: ಯಾವುದು, ಯಾಕೆ

ಆರು ವರ್ಷದ ಹಿಂದಿನ ದೀಪಾವಳಿ. ಅಂಗಡಿಯಲ್ಲಿ ನಾನೊಬ್ಬಳೇ, ಬೆಳಗ್ಗಿಂದ ನೀರಿಲ್ಲ, ಒಂದಕ್ಕೆ ಹೋಗಲೂ ಪುರುಸೊತ್ತಿಲ್ಲ. ಮೂರನೇ ದಿನ ಉರಿ ಶುರು. ಕೈಯಳತೆಯಲ್ಲೇ ಸಿಪ್ರೊಫ್ಲಾಕ್ಸಾಸಿನ್ ಇತ್ತು. ಯಾರನ್ನೂ ಕೇಳದೆ ತೆಗೆದುಕೊಂಡೆ, ಜೊತೆಗೆ ಸಿರಪ್. ಎರಡನೇ ದಿನಕ್ಕೆ ಉರಿ ಇಳಿಯಿತು, ಮಾತ್ರೆ ನಿಲ್ಲಿಸಿದೆ. ಎಂಟನೇ ದಿನ ರಾತ್ರಿ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಬಲ ಪಕ್ಕೆ ಮುಟ್ಟಿದರೆ ಕೂಗುವಷ್ಟು ನೋವು. ನಾಲ್ಕು ದಿನ ಅಡ್ಮಿಟ್. ಕಲ್ಚರ್, ಅಂದರೆ ಮೂತ್ರದ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಟೆಸ್ಟಿನ ರಿಪೋರ್ಟಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಮುಂದೆ ದೊಡ್ಡದಾಗಿ ‘ಆರ್’ ಅಂತ ಇತ್ತು. ರೆಸಿಸ್ಟೆಂಟ್, ಅಂದರೆ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗುವುದಿಲ್ಲ. ಆ ಮಾತ್ರೆ ಕೆಲಸವನ್ನೇ ಮಾಡಿರಲಿಲ್ಲ. ಉರಿ ತಗ್ಗಿಸಿದ್ದು ಸಿರಪ್ಪು ಮತ್ತು ನೀರು. ನಾನು ಅದನ್ನೇ ವಾಸಿ ಅಂದುಕೊಂಡಿದ್ದೆ.

ನಾರ್ಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್, ಓಫ್ಲಾಕ್ಸಾಸಿನ್. ಈ ‘ಫ್ಲಾಕ್ಸಾಸಿನ್’ ಮನೆತನವನ್ನು ಜನ ಈಗಲೂ ಹೆಸರು ಹಿಡಿದು ಕೇಳುತ್ತಾರೆ. ಹಿಂದೊಮ್ಮೆ ಚೆನ್ನಾಗಿ ನಡೆಯುತ್ತಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೊರತರುವ ವರದಿಗಳಲ್ಲಿ ನೋಡಿದರೆ, ದೇಶದ ದೊಡ್ಡ ಆಸ್ಪತ್ರೆಗಳ ಮೂತ್ರದ ಮಾದರಿಗಳಲ್ಲಿ ಸಿಕ್ಕ ಇ. ಕೋಲೈಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಿಪ್ರೊಫ್ಲಾಕ್ಸಾಸಿನ್‌ಗೆ ಬಗ್ಗುವುದಿಲ್ಲ. ಅದು ಆಸ್ಪತ್ರೆಗೆ ಬಂದವರ ಲೆಕ್ಕ, ಊರಿನ ಲೆಕ್ಕ ಅಷ್ಟು ಕೆಟ್ಟಿರಲಿಕ್ಕಿಲ್ಲ. ಆದರೂ ಕಣ್ಣು ಮುಚ್ಚಿಕೊಂಡು ನಂಬುವ ಸ್ಥಿತಿ ಇಲ್ಲ. ಮೇಲಾಗಿ ಸ್ನಾಯುರಜ್ಜು, ನರಗಳಿಗೆ ತೊಂದರೆ ಮಾಡಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲೇ ಹೇಳಿತು: ಬೇರೆ ಔಷಧಿ ಇದ್ದಾಗ ಸರಳ ಮೂತ್ರ ಸೋಂಕಿಗೆ ಇದನ್ನು ಕೊಡಬೇಡಿ ಅಂತ.

ಹಾಗಾದರೆ ಉಳಿದದ್ದು? ಮೂತ್ರಕೋಶಕ್ಕಷ್ಟೇ ಸೀಮಿತವಾದ ಸೋಂಕಿಗೆ ಎರಡರ ನಡುವೆ ಆರಿಸುವ ಪ್ರಸಂಗ ಹೆಚ್ಚು ಬರುತ್ತದೆ.

ಒಂದು, ಆಗಲೇ ಹೇಳಿದ ನೈಟ್ರೋಫ್ಯುರಾಂಟಾಯಿನ್. 1950ರ ದಶಕದ ಹಳೇ ಔಷಧಿ. ಇದರ ಗುಣ ನನಗೆ ಬಹಳ ಇಷ್ಟ. ರಕ್ತದಲ್ಲಿ ಹೆಚ್ಚು ನಿಲ್ಲದೆ ಬೇಗ ಮೂತ್ರಕ್ಕೆ ಇಳಿಯುತ್ತದೆ. ಎಲ್ಲಿ ಬೇಕೋ ಅಲ್ಲೇ ಕೆಲಸ, ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಬ್ಯಾಕ್ಟೀರಿಯಾವನ್ನು ಒಂದೇ ಕಡೆಯಲ್ಲ, ಹಲವು ಕಡೆ ಹೊಡೆಯುವುದರಿಂದ ಇಷ್ಟು ವರ್ಷವಾದರೂ ಹೆಚ್ಚಿನವು ಇದಕ್ಕೆ ಬಗ್ಗುತ್ತವೆ. ಸಾಮಾನ್ಯವಾಗಿ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಐದು ದಿನ ಬರೆಯುತ್ತಾರೆ. ಊಟದ ಜೊತೆಗೇ ತೆಗೆದುಕೊಳ್ಳಬೇಕು. ಹೊಟ್ಟೆ ತೊಳಸುವುದೂ ಕಡಿಮೆ, ಔಷಧಿ ಹೀರಿಕೊಳ್ಳುವುದೂ ಚೆನ್ನ. ಮೂತ್ರ ಕಡು ಹಳದಿ ಅಥವಾ ಕಂದಾಗುತ್ತದೆ, ಹೆದರಬೇಡಿ. ಇದರ ಗುಣವೇ ಇದರ ಮಿತಿ ಕೂಡ. ರಕ್ತದಲ್ಲಿ ನಿಲ್ಲದ ಕಾರಣ ಕಿಡ್ನಿ ಸೋಂಕಿಗೆ ಇದು ಪ್ರಯೋಜನವಿಲ್ಲ. ಕಿಡ್ನಿ ಕೆಲಸ ತೀರಾ ಕಡಿಮೆಯಾಗಿರುವವರಿಗೆ, ಜಿ6ಪಿಡಿ ಕೊರತೆ (ಕೆಂಪು ರಕ್ತಕಣಗಳನ್ನು ಕಾಪಾಡುವ ಎನ್‌ಜೈಮ್ ಹುಟ್ಟಿನಿಂದಲೇ ಕಡಿಮೆ) ಇರುವವರಿಗೆ, ಹೆರಿಗೆ ಹತ್ತಿರವಾದ ಬಸುರಿಯರಿಗೆ ಆಗುವುದಿಲ್ಲ.

ಇನ್ನೊಂದು ಫಾಸ್ಫೋಮೈಸಿನ್. 1969ರಲ್ಲಿ ಸ್ಪೇನಿನ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದದ್ದು. 3 ಗ್ರಾಂ ಪುಡಿಯ ಪ್ಯಾಕೆಟ್ ಅರ್ಧ ಲೋಟ ನೀರಿಗೆ ಹಾಕಿ ಕಲಸಿ, ರಾತ್ರಿ ಒಂದಕ್ಕೆ ಹೋಗಿ ಬಂದು, ಕುಡಿದು ಮಲಗುವುದು. ಅಷ್ಟೇ, ಮುಗಿಯಿತು. ಮರುದಿನ ಬೆಳಗ್ಗೆ "ಅಕ್ಕಾ, ಆ ಪುಡಿ ಕೆಲಸ ಮಾಡ್ಲೇ ಇಲ್ಲ, ಇನ್ನೊಂದು ಕೊಡಿ" ಅಂತ ಬರುವವರಿದ್ದಾರೆ. ಒಂದೇ ಡೋಸು ಮೂತ್ರದಲ್ಲಿ ಎರಡು ಮೂರು ದಿನ ಉಳಿದು ಕೆಲಸ ಮಾಡುತ್ತದೆ. ಉರಿ ಪೂರ್ತಿ ಹೋಗಲೂ ಎರಡು ಮೂರು ದಿನ ಬೇಕು. ಬೇಧಿ ಸ್ವಲ್ಪ ಆಗಬಹುದು. ಒಂದು ಪ್ಯಾಕೆಟ್ಟಿನ ಬೆಲೆ ನೋಡಿ ಹೌಹಾರುವವರೂ ಉಂಟು.

ಯಾರಿಗೆ ಯಾವುದು? ದುಡ್ಡಿನ ಲೆಕ್ಕ ನೋಡುವವರಿಗೆ, ಹೇಳಿದ ಹಾಗೆ ಐದು ದಿನ ತಪ್ಪದೆ ನುಂಗುವವರಿಗೆ ನೈಟ್ರೋಫ್ಯುರಾಂಟಾಯಿನ್. ಎರಡನ್ನೂ ನೇರವಾಗಿ ಹೋಲಿಸಿ ನೋಡಿದಾಗಲೂ ವಾಸಿಯಾಗುವ ಪ್ರಮಾಣ ಇದರಲ್ಲೇ ಸ್ವಲ್ಪ ಮೇಲಿತ್ತು. ಉರಿ ತಗ್ಗಿದ ಕೂಡಲೇ ಸ್ಟ್ರಿಪ್ಪನ್ನು ಫ್ರಿಜ್ ಮೇಲೆ ಎಸೆಯುವ ಪೈಕಿ ನೀವಾದರೆ ಒಂದೇ ಡೋಸಿನ ಪುಡಿ ವಾಸಿ. ಡಾಕ್ಟರಿಗೆ ನಿಮ್ಮ ಸ್ವಭಾವವನ್ನೂ ಹೇಳಿ, ಅದೂ ಕಾಯಿಲೆಯಷ್ಟೇ ಮುಖ್ಯ.

ಕೋ-ಟ್ರೈಮೊಕ್ಸಾಜೋಲ್ ಅಗ್ಗ, ಮೂರೇ ದಿನ. ಆದರೆ ನಮ್ಮಲ್ಲಿ ಅದಕ್ಕೂ ರೆಸಿಸ್ಟೆನ್ಸ್ ಸಾಕಷ್ಟಿದೆ, ಸಲ್ಫಾ ಅಲರ್ಜಿ ಇದ್ದವರಿಗೆ ಆಗದು. ಕಲ್ಚರಿನಲ್ಲಿ ‘ಎಸ್’ (ಸೆನ್ಸಿಟಿವ್, ಅಂದರೆ ಔಷಧಿಗೆ ಬಗ್ಗುತ್ತದೆ) ಬಂದಿದ್ದರೆ ಧಾರಾಳವಾಗಿ ಆಗಬಹುದು. ಸೆಫಿಕ್ಸಿಮ್ ಬಹಳ ಬರೆಯುತ್ತಾರೆ, ನನಗೆ ಅದು ಸಣ್ಣ ಕೆಲಸಕ್ಕೆ ದೊಡ್ಡ ಆಯುಧ ಅನಿಸುತ್ತದೆ. ಬಸುರಿಯರಿಗೆ ಬೇರೆಯೇ ಲೆಕ್ಕ, ತಿಂಗಳು ನೋಡಿ ಡಾಕ್ಟರ್ ಆರಿಸುತ್ತಾರೆ. ಅವರಿಗೆ ಉರಿಯೇ ಇಲ್ಲದೆ ಕಲ್ಚರಿನಲ್ಲಿ ಮಾತ್ರ ಬ್ಯಾಕ್ಟೀರಿಯಾ ಸಿಕ್ಕರೂ ಔಷಧಿ ಕೊಡಬೇಕಾಗುತ್ತದೆ.

ಔಷಧಿ ಶುರುವಾಗಿ 48 ಗಂಟೆ ಕಳೆದರೂ ಏನೂ ಇಳಿಮುಖ ಕಾಣದಿದ್ದರೆ ಅಂಗಡಿಗಲ್ಲ, ಡಾಕ್ಟರ್ ಹತ್ತಿರ ವಾಪಸ್ ಹೋಗಿ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ನಾನು ಕೊಡುವುದಿಲ್ಲ. ಇದಕ್ಕೆ ಬೈಸಿಕೊಂಡಿದ್ದೂ ಇದೆ. "ಎದುರಿನ ಅಂಗಡೀಲಿ ಕೊಡ್ತಾರೆ" ಅಂತ ಹೋದವರೂ ಇದ್ದಾರೆ.

ರೊಟೀನ್ ಟೆಸ್ಟಾ, ಕಲ್ಚರ್ರಾ

ರೊಟೀನ್ ಅಂದರೆ ಮೂತ್ರವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಪಸ್ ಸೆಲ್ಸ್ (ಕೀವಿನ ಕಣ) ಎಣಿಸುವುದು, ಸ್ಟ್ರಿಪ್ಪಿನಲ್ಲಿ ಬ್ಯಾಕ್ಟೀರಿಯಾ ಉಂಟುಮಾಡುವ ನೈಟ್ರೈಟ್ ನೋಡುವುದು. ಒಂದೆರಡು ಗಂಟೆಯ ಕೆಲಸ, ಖರ್ಚೂ ಕಡಿಮೆ. ಸೋಂಕು ಇರಬಹುದಾ ಅಂತ ಹೇಳುತ್ತದೆ, ಯಾವ ಔಷಧಿ ನಡೆಯುತ್ತದೆ ಅಂತ ಹೇಳುವುದಿಲ್ಲ. ಕಲ್ಚರ್ ಎರಡು ಮೂರು ದಿನ ತೆಗೆದುಕೊಳ್ಳುತ್ತದೆ, ಖರ್ಚು ಹಲವು ಪಟ್ಟು. ಬ್ಯಾಕ್ಟೀರಿಯಾವನ್ನು ಬೆಳೆಸಿ, ಒಂದೊಂದು ಔಷಧಿಯನ್ನೂ ಅದರ ಮೇಲೆ ಇಟ್ಟು ನೋಡುತ್ತಾರೆ.

ಅಪರೂಪಕ್ಕೆ ಒಮ್ಮೆ ಬಂದ, ಲಕ್ಷಣ ಸ್ಪಷ್ಟವಾಗಿರುವ ಸೋಂಕಿಗೆ ಕಲ್ಚರ್ ಇಲ್ಲದೆಯೂ ನಡೆಯುತ್ತದೆ. ಪದೇ ಪದೇ ಬರುವವರು, ಔಷಧಿಗೆ ಬಗ್ಗದವರು, ಜ್ವರ ಇರುವವರು, ಮೇಲೆ ಹೇಳಿದ ಪಟ್ಟಿಯವರು ಕಲ್ಚರ್‌ಗೆ ಹಣ ಹಾಕಬೇಕು. ಮೊದಲ ಆಂಟಿಬಯೋಟಿಕ್ ನುಂಗುವ ಮುಂಚೆಯೇ ಮೂತ್ರ ಕೊಡಬೇಕು. ಒಂದು ಮಾತ್ರೆ ಒಳಗೆ ಹೋದ ಮೇಲೆ ಕೊಟ್ಟರೆ ಬ್ಯಾಕ್ಟೀರಿಯಾ ಬೆಳೆಯದೆ ‘ನೋ ಗ್ರೋತ್’ ಬರಬಹುದು. ಅದನ್ನು ನೋಡಿ ಸೋಂಕಿಲ್ಲ ಅಂದುಕೊಳ್ಳುತ್ತೇವೆ.

ಡಬ್ಬಿ ಬಗ್ಗೆ ಒಂದು ಮಾತು. ಒಬ್ಬರು ತೊಳೆದ ಹಾರ್ಲಿಕ್ಸ್ ಬಾಟಲಿಯಲ್ಲಿ ತಂದಿದ್ದರು. ಎಷ್ಟೇ ತೊಳೆದರೂ ಅದು ಆಗದು. ಸೀಲ್ ಇರುವ ಸ್ಟೆರೈಲ್ ಡಬ್ಬಿ ಅಂಗಡಿಯಲ್ಲೇ ಸಿಗುತ್ತದೆ. ತೊಳೆದುಕೊಂಡು, ಮೊದಲ ಸ್ವಲ್ಪ ಬಿಟ್ಟು, ನಡುವಿನದನ್ನು ಹಿಡಿದು, ಮುಚ್ಚಳದ ಒಳಗೆ ಬೆರಳು ತಾಗಿಸದೆ ಮುಚ್ಚಿ. ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ರಿಪೋರ್ಟಿನಲ್ಲಿ ಎಪಿಥೀಲಿಯಲ್ ಸೆಲ್ಸ್ ತುಂಬಾ ಇದೆ ಅಂದರೆ ಚರ್ಮದ ಮೇಲಿನದೆಲ್ಲ ಸೇರಿಕೊಂಡಿದೆ, ಮತ್ತೆ ಕೊಡಬೇಕಾಗಬಹುದು.

ಕಲ್ಚರ್ ರಿಪೋರ್ಟಿನಲ್ಲಿ ಔಷಧಿ ಹೆಸರಿನ ಪಕ್ಕ ಎಸ್ (ಬಗ್ಗುತ್ತದೆ), ಐ (ಎರಡರ ನಡುವೆ), ಆರ್ (ಬಗ್ಗುವುದಿಲ್ಲ) ಇರುತ್ತದೆ. ಕೆಲವು ಲ್ಯಾಬಿನವರು ಎಂಐಸಿ ಅಂತ, ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಕನಿಷ್ಠ ಎಷ್ಟು ಔಷಧಿ ಬೇಕು ಅನ್ನುವ ಒಂದು ಸಂಖ್ಯೆಯನ್ನೂ ಕೊಡುತ್ತಾರೆ. ಮನೆಯಲ್ಲಿ ಓದಿದ ಮಕ್ಕಳಿದ್ದರೆ "ಯಾವುದರ ನಂಬರ್ ಕಡಿಮೆಯೋ ಅದೇ ಬೆಸ್ಟ್" ಅಂತ ಲೆಕ್ಕ ಹಾಕಿ ಬರುತ್ತಾರೆ. ಅದು ತಪ್ಪು. ಒಂದೊಂದು ಔಷಧಿಗೆ ಅಳತೆಗೋಲೇ ಬೇರೆ. ತೂಕದ ಕೆಜಿಯನ್ನೂ ಬಟ್ಟೆಯ ಮೀಟರನ್ನೂ ಹೋಲಿಸಿದ ಹಾಗಾಗುತ್ತದೆ. ದೊಡ್ಡ ಸೋಂಕಿಗೆ ಕೊಡುವ ಮೆರೋಪೆನೆಮ್ ಮುಂದೆ ‘ಎಸ್’ ಇದೆ ಅಂದ ಮಾತ್ರಕ್ಕೆ ಆ ಇಂಜೆಕ್ಷನ್ ಬೇಕು ಅಂತಲ್ಲ. ನೈಟ್ರೋಫ್ಯುರಾಂಟಾಯಿನ್ ಮುಂದೆಯೂ ‘ಎಸ್’ ಇದ್ದು, ಸೋಂಕು ಮೂತ್ರಕೋಶದಲ್ಲೇ ಇದ್ದರೆ ಸಣ್ಣದರಲ್ಲೇ ಮುಗಿಯುತ್ತದೆ.

ಮತ್ತೆ ಮತ್ತೆ ಬರುವವರಿಗೆ

ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದರೆ ‘ಮರುಕಳಿಸುವ ಸೋಂಕು’ ಅಂತಾರೆ. ಇಲ್ಲಿ ಆಯ್ಕೆಗಳ ರಾಶಿಯೇ ಇದೆ. ಎಲ್ಲದಕ್ಕೂ ಸಮನಾದ ಆಧಾರವಿಲ್ಲ.

ನೀರಿನಿಂದ ಶುರು ಮಾಡೋಣ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇ ಪದೇ ಸೋಂಕಾಗುತ್ತಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ 140 ಹೆಂಗಸರನ್ನು ಆರಿಸಿಕೊಂಡಿದ್ದರು. ಅರ್ಧ ಜನಕ್ಕೆ ಇನ್ನೂ ಒಂದೂವರೆ ಲೀಟರ್ ಹೆಚ್ಚು ಕುಡಿಯಿರಿ ಅಂದರು, ಅಂದರೆ ಅರ್ಧ ಲೀಟರಿನ ಮೂರು ಬಾಟಲಿ. ಉಳಿದ ಅರ್ಧ ಜನಕ್ಕೆ ವರ್ಷದಲ್ಲಿ ಸರಾಸರಿ 3.2 ಸಲ ಬಂದರೆ, ಹೆಚ್ಚು ಕುಡಿದವರಿಗೆ 1.7 ಸಲ ಬಂತು. ಪೈಸೆ ಖರ್ಚಿಲ್ಲದ ಔಷಧಿ ಇದು.

ಆದರೆ ನಮ್ಮೂರಿನ ಹೈಸ್ಕೂಲ್ ಟೀಚರ್ ಒಬ್ಬರು ಕೇಳಿದರು, "ಕುಡಿದರೆ ಹೋಗೋದೆಲ್ಲಿಗೆ?" ಸರಿಯಾದ ಪ್ರಶ್ನೆ. ಬಸ್ ಕಂಡಕ್ಟರ್‌ಗಳು, ಬಂದೋಬಸ್ತಿಗೆ ನಿಂತ ಮಹಿಳಾ ಪೊಲೀಸರು, ಗಾರ್ಮೆಂಟ್ಸ್‌ನವರು, ಸಂತೆಯಲ್ಲಿ ಸೊಪ್ಪು ಮಾರುವವರು, ಇವರೆಲ್ಲ ಬೆಳಗ್ಗೆ ಮನೆ ಬಿಡುವ ಮುಂಚೆಯೇ ನೀರು ನಿಲ್ಲಿಸಿಬಿಡುತ್ತಾರೆ. ಕಾರಣ ದಾಹವಿಲ್ಲ ಅಂತಲ್ಲ, ಟಾಯ್ಲೆಟ್ ಇಲ್ಲ ಅಂತ. ಇದ್ದರೂ ಒಳಗೆ ಕಾಲಿಡಲು ಆಗುವುದಿಲ್ಲ. ಇದಕ್ಕೆ ನನ್ನ ಶೆಲ್ಫಿನಲ್ಲಿ ಔಷಧಿ ಇಲ್ಲ. ಆ ಟೀಚರ್ ಮತ್ತು ಅವರ ಜೊತೆಯವರು ಸೇರಿ ಶಾಲೆಯಲ್ಲಿ ಒಂದು ಟಾಯ್ಲೆಟ್ಟಿಗೆ ಬೀಗ ಹಾಕಿಸಿ, ಕೀಲಿ ಸ್ಟಾಫ್ ರೂಮಿನಲ್ಲಿ ಇಟ್ಟುಕೊಂಡರು. ಮೂರನೇ ಪೀರಿಯಡ್ ಮುಗಿದ ಮೇಲೆ ಒಬ್ಬರು ಹೋಗುವಾಗ ಇನ್ನೊಬ್ಬರು ಕ್ಲಾಸು ನೋಡಿಕೊಳ್ಳುತ್ತಾರೆ.

ತೊಳೆಯುವಾಗ ಮುಂದಿನಿಂದ ಹಿಂದಕ್ಕೆ. ಚೊಂಬಾದರೂ ಸರಿ, ಪೈಪಿನ ಸ್ಪ್ರೇ ಆದರೂ ಸರಿ, ಹಿಂದಿನ ನೀರು ಮುಂದಕ್ಕೆ ಚಿಮ್ಮಬಾರದು. ಗಂಡ ಹೆಂಡತಿ ಕೂಡಿದ ಮೇಲೆ ಒಂದಕ್ಕೆ ಹೋಗಿ ಬರುವುದು ಒಳ್ಳೆಯ ರೂಢಿ. ವಾಸನೆಯ ವಾಶ್‌ಗಳು ಬೇಡ, ಬರೀ ನೀರು ಸಾಕು.

ಕ್ರ್ಯಾನ್‌ಬೆರಿ ನಮ್ಮ ಕಡೆ ಬೆಳೆಯುವ ಹಣ್ಣಲ್ಲ, ಮಾತ್ರೆ ಪುಡಿಯಾಗಿ ಬರುತ್ತದೆ. ಬ್ಯಾಕ್ಟೀರಿಯಾ ಗೋಡೆಗೆ ಅಂಟದಂತೆ ತಡೆಯುತ್ತದೆ ಅನ್ನುವುದು ಇದರ ತತ್ವ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕೊಕ್ರೇನ್ ಸಂಸ್ಥೆಯ 2023ರ ವಿಮರ್ಶೆ 50 ಅಧ್ಯಯನಗಳನ್ನು ಜೋಡಿಸಿ ನೋಡಿತು. ಪದೇ ಪದೇ ಬರುವ ಹೆಂಗಸರಲ್ಲಿ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ ಅಂತ ಕಂಡಿತು. ಬಸುರಿಯರಿಗೆ, ಆಶ್ರಮಗಳಲ್ಲಿರುವ ವಯಸ್ಸಾದವರಿಗೆ ಉಪಯೋಗ ಕಾಣಲಿಲ್ಲ. ಬಂದ ಸೋಂಕನ್ನು ಇದು ವಾಸಿ ಮಾಡುವುದಿಲ್ಲ. ಸಕ್ಕರೆ ತುಂಬಿದ ಜ್ಯೂಸ್ ಡಬ್ಬಕ್ಕೆ ಹಣ ಹಾಕಬೇಡಿ. ಇದೇ ತತ್ವದ ಡಿ-ಮ್ಯಾನೋಸ್ ಪುಡಿ ಈಚೆಗೆ ಜೋರಾಗಿ ಮಾರಾಟವಾಗುತ್ತಿದೆ. 2024ರಲ್ಲಿ ಬ್ರಿಟನ್ನಿನ ಸುಮಾರು 600 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ ಬಂತು, ಡಮ್ಮಿ ಪುಡಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಎರಡರಲ್ಲಿ ಒಂದು ಅಂದರೆ ನಾನು ಕ್ರ್ಯಾನ್‌ಬೆರಿ ಅನ್ನುತ್ತೇನೆ. ಅದಕ್ಕಿಂತ ಮೊದಲು ನೀರು.

ಮುಟ್ಟು ನಿಂತವರಿಗೆ ಮಾತ್ರ ನನ್ನ ಉತ್ತರ ಬೇರೆ. ನಮ್ಮತ್ತೆಗೆ 63ನೇ ವಯಸ್ಸಿನಲ್ಲಿ ವರ್ಷಕ್ಕೆ ನಾಲ್ಕು ಸಲ ಬರುತ್ತಿತ್ತು. ಪ್ರತಿ ಸಲವೂ ಆಂಟಿಬಯೋಟಿಕ್, ಪ್ರತಿ ಸಲವೂ ಬಾಯಿ ಕೆಟ್ಟು ಊಟ ಬಿಡುವುದು. ಕೊನೆಗೆ ಲೇಡಿ ಡಾಕ್ಟರ್ ಒಬ್ಬರು ಯೋನಿಯ ಒಳಗೆ ಹಚ್ಚುವ ಈಸ್ಟ್ರೋಜನ್ ಹಾರ್ಮೋನಿನ ಕ್ರೀಮ್ ಬರೆದರು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ಆ ಜಾಗ ಒಣಗುತ್ತದೆ, ಅಲ್ಲಿ ಕಾವಲಿಗಿದ್ದ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಹೋಗುತ್ತವೆ, ಕರುಳಿನವು ಬಂದು ಸೇರುತ್ತವೆ. ಕ್ರೀಮ್ ಆ ಕಾವಲನ್ನು ವಾಪಸ್ ತರುತ್ತದೆ. 1993ರ ಅಧ್ಯಯನವೊಂದರಲ್ಲಿ ಡಮ್ಮಿ ಕ್ರೀಮ್ ಹಚ್ಚಿದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಸೋಂಕಾದರೆ, ಈಸ್ಟ್ರೋಜನ್ ಹಚ್ಚಿದವರಿಗೆ 0.5. ಅತ್ತೆ ಮೊದಲು ಒಪ್ಪಲಿಲ್ಲ. "ಈ ವಯಸ್ಸಲ್ಲಿ ಇದೆಲ್ಲ ಏನೇ?" ಅಂತ ಟ್ಯೂಬನ್ನು ಕಪಾಟಿನ ಸೀರೆಗಳ ಕೆಳಗೆ ಬಚ್ಚಿಟ್ಟಿದ್ದರು. ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ. ಗುಣ ಕಾಣಲು ಎರಡು ಮೂರು ತಿಂಗಳು ಹಿಡಿಯಿತು. ಸ್ತನ ಕ್ಯಾನ್ಸರ್ ಆಗಿದ್ದವರು ಡಾಕ್ಟರನ್ನು ಕೇಳದೆ ಇದನ್ನು ಹಚ್ಚಬಾರದು.

ಇದ್ಯಾವುದಕ್ಕೂ ಬಗ್ಗದಿದ್ದರೆ ಎರಡು ದಾರಿ. ದಿನಾ ರಾತ್ರಿ ಸಣ್ಣ ಡೋಸ್ ಆಂಟಿಬಯೋಟಿಕ್ ಕೆಲವು ತಿಂಗಳು, ಅಥವಾ ಮೆಥೆನಮೈನ್ ಹಿಪ್ಪುರೇಟ್. ಎರಡನೆಯದು ಆಂಟಿಬಯೋಟಿಕ್ ಅಲ್ಲ. ಹುಳಿ ಮೂತ್ರದಲ್ಲಿ ಒಡೆದು ಫಾರ್ಮಾಲ್ಡಿಹೈಡ್ ಆಗಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅದಕ್ಕೆ ರೆಸಿಸ್ಟೆನ್ಸ್ ಬೆಳೆಯುವ ಭಯ ಇಲ್ಲ. 2022ರಲ್ಲಿ ಬ್ರಿಟನ್ನಿನಲ್ಲಿ 240 ಹೆಂಗಸರ ಮೇಲೆ ಹೋಲಿಸಿ ನೋಡಿದಾಗ ದಿನದ ಆಂಟಿಬಯೋಟಿಕ್‌ಗಿಂತ ಹೇಳಿಕೊಳ್ಳುವಷ್ಟು ಹಿಂದೆ ಬೀಳಲಿಲ್ಲ. ಇದರ ಜೊತೆಗೂ ಉರಿಮೂತ್ರದ ಆ ಸಿರಪ್ ಬೇಡ, ಅದು ಮೂತ್ರದ ಹುಳಿಯನ್ನೇ ತೆಗೆಯುತ್ತದಲ್ಲ. ನೈಟ್ರೋಫ್ಯುರಾಂಟಾಯಿನ್ನನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳುವವರು ಕೆಮ್ಮು, ಉಬ್ಬಸ ಕಂಡರೆ ತಡಮಾಡದೆ ಡಾಕ್ಟರಿಗೆ ಹೇಳಬೇಕು. ಅಪರೂಪಕ್ಕೆ ಶ್ವಾಸಕೋಶಕ್ಕೂ ಲಿವರಿಗೂ ತೊಂದರೆ ಕೊಡುತ್ತದೆ.

ಕೊನೆಯದಾಗಿ ರಿಪೋರ್ಟಿಗೆ ಔಷಧಿ ಕೇಳುವವರು. ಹೋದ ತಿಂಗಳು ಯಜಮಾನರೊಬ್ಬರು ಹೆಂಡತಿಯ ಚೆಕಪ್ ರಿಪೋರ್ಟ್ ಹಿಡಿದು ಬಂದರು. "ಪಸ್ ಸೆಲ್ಸ್ ಎಂಟು-ಹತ್ತು ಅಂತಿದೆ ಕಣಮ್ಮ, ಒಂದು ಕೋರ್ಸ್ ಕೊಟ್ಬಿಡು." ಹೆಂಡತಿ ಹಿಂದೆಯೇ ನಿಂತಿದ್ದರು. ನಾನು ಅವರನ್ನೇ ಕೇಳಿದೆ, "ಉರಿ ಏನಾದ್ರೂ ಇದ್ಯಾ ಅಮ್ಮಾ? ರಾತ್ರಿ ಎದ್ದೆದ್ದು ಹೋಗ್ತೀರಾ?"

"ಏನೂ ಇಲ್ಲಮ್ಮ. ಚೆನ್ನಾಗೇ ಇದ್ದೀನಿ."

ಲಕ್ಷಣವಿಲ್ಲದೆ ಬರೀ ರಿಪೋರ್ಟಿನಲ್ಲಿ ಕಂಡದ್ದಕ್ಕೆ, ಬಸುರಿಯರನ್ನೂ ಮೂತ್ರಕೋಶದ ಆಪರೇಷನ್‌ಗೆ ಹೊರಟವರನ್ನೂ ಬಿಟ್ಟರೆ, ಸಾಮಾನ್ಯವಾಗಿ ಔಷಧಿ ಬೇಕಿಲ್ಲ. ವಯಸ್ಸಾದವರಲ್ಲಿ ಹೀಗೆ ಕಾಣುವುದು ಬಹಳ ಸಾಮಾನ್ಯ. ಡಾಕ್ಟರಿಗೆ ರಿಪೋರ್ಟ್ ತೋರಿಸಿ, ಅಷ್ಟರೊಳಗೆ ಉರಿ ಜ್ವರ ಬಂದರೆ ಮಾತ್ರ ಬೇಗ ಹೋಗಿ ಅಂದೆ. ಯಜಮಾನರಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ. ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ಬಂದ ತಪ್ಪಿಗೆ ಅನ್ನುವ ಹಾಗೆ ಎರಡು ಸ್ಟ್ರಿಪ್ ಬಿಪಿ ಮಾತ್ರೆ ತೆಗೆದುಕೊಂಡು ಹೋದರು.